ಘಟ್ಟದ ಕೆಳಗಿನ ಹಳೆಯ ಪಟ್ಟಣ

ಮಾತು ಶುರು ಮಾಡುವ ಮೊದಲು ನಿಮಗೊಂದು ಪ್ರಶ್ನೆ. ಮನೆಗೆ ಬೀಗ ಹಾಕಿ ಹೊಲಕ್ಕೆ ಹೊರಡುವಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ವಸ್ತುವಿಗೆ ಏನೆನ್ನುತ್ತೀರಿ? ‘ಚಾವಿ’ ಎನ್ನುತ್ತೀರಿ. ತಿಂಗಳು ತುಂಬಿದ ಮೇಲೆ ಕಾರ್ಖಾನೆಯಿಂದ ಮಗ ತರುವುದಕ್ಕೆ? ‘ಪಗಾರ’ ಎನ್ನುತ್ತೀರಿ. ಗಡಹಿಂಗ್ಲಜದ ಪೇಟೆಯಲ್ಲಿ ಮೆಣಸಿನಕಾಯಿ ಚೀಲಗಳ ಮುಂದೆ ನಿಂತು ಬೆಲೆ ಕೂಗುತ್ತಾರಲ್ಲ, ಅದಕ್ಕೆ? ‘ಲಿಲಾವು’ ಎನ್ನುತ್ತೀರಿ. ಕನ್ನಡದಲ್ಲಿ ಮಾತಾಡಿದರೂ ಇವೇ ಮಾತು, ಮರಾಠಿಯಲ್ಲಿ ಮಾತಾಡಿದರೂ ಇವೇ ಮಾತು.

ಆದರೆ ಈ ಮೂರೂ ಮಾತು ಕನ್ನಡದವೂ ಅಲ್ಲ, ಮರಾಠಿಯವೂ ಅಲ್ಲ. ಯುರೋಪ ಖಂಡದ ಪಡುವಣ ತುದಿಯಲ್ಲಿರುವ ಪೋರ್ತುಗಾಲ ದೇಶದಿಂದ ಹಡಗು ಹತ್ತಿ ಬಂದವು. ಬಾಲ್ದಿ, ಅಲಮಾರಿ, ಇಸ್ತ್ರಿ, ಬಟಾಟಿ, ಪಾವು, ಕಾಜು, ಅನಾನಸು ಎಲ್ಲವೂ ಅದೇ ಹಡಗಿನವು. ಆ ಹಡಗುಗಳು ಬಂದು ನಿಲ್ಲುತ್ತಿದ್ದ ಊರು ನಮ್ಮಿಂದ ದೂರವಿಲ್ಲ. ಆಜರಾದಿಂದ ಸುಮಾರು 130 ಕಿಲೋಮೀಟರು. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು. ಆ ಊರೇ ಹಳೆ ಗೋವೆ.

ಗೋವಾ ಎಂದೊಡನೆ ನಮ್ಮ ಹುಡುಗರಿಗೆ ನೆನಪಾಗುವುದು ಸಮುದ್ರ ಮತ್ತು ಬಾಟಲಿ. ಅದನ್ನು ಅವರ ಪಾಲಿಗೆ ಬಿಡೋಣ. ನಾನು ಇಂದು ಹೇಳುವುದು ಮನೆಮಂದಿ ಎಲ್ಲ ಕೂಡಿ, ಅಜ್ಜ ಅಜ್ಜಿ ಮೊಮ್ಮಕ್ಕಳ ಸಮೇತ, ಎರಡು ದಿನ ಹೋಗಿ ಬರುವ ಒಂದು ಪ್ರವಾಸದ ವಿಷಯ. ಹೋಗಬೇಕಾದದ್ದು ಏಕೆ ಎಂಬುದನ್ನೂ ಹೇಳುತ್ತೇನೆ.

ಬೆಳಗಿನ ಚಳಿಯಲ್ಲೇ ಹೊರಡಿ. ಬುತ್ತಿ ಕಟ್ಟಿಕೊಳ್ಳಿ. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ಹಾಯ್ದು ಬಾಂದಾಕ್ಕೆ ಹೋಗುವ ಹೆದ್ದಾರಿಯೇ ನಿಮ್ಮ ದಾರಿ. ಬಸ್ಸಿನಲ್ಲಿ ಹೋಗುವವರು ಸಾವಂತವಾಡಿಯಲ್ಲಿ ಇಳಿದು ಪಣಜಿಯ ಬಸ್ಸು ಹಿಡಿಯಬೇಕು. ಆಂಬೋಲಿಯವರೆಗೆ ಹಿರಣ್ಯಕೇಶಿ ನಿಮಗೆ ಎದುರಾಗಿ ಬರುತ್ತಾಳೆ. ಆಕೆ ಹುಟ್ಟುವುದು ಆಂಬೋಲಿಯ ಗುಹೆಯಲ್ಲಿ. ಅಲ್ಲಿಂದ ಆಜರಾ, ಗಡಹಿಂಗ್ಲಜ, ಸಂಕೇಶ್ವರ ದಾಟಿ ಘಟಪ್ರಭೆಯನ್ನು ಕೂಡುತ್ತಾಳೆ. ಮಹಾರಾಷ್ಟ್ರದಲ್ಲಿ ಹುಟ್ಟಿ ಕರ್ನಾಟಕದಲ್ಲಿ ಸೇರುವ ಹೊಳೆಗೆ ಗಡಿ ಎಲ್ಲಿದೆ ಎಂಬುದು ತಿಳಿಯದು. ಆಂಬೋಲಿಯ ನೆತ್ತಿ ದಾಟಿದಿರೋ, ಅಲ್ಲಿಂದ ಮುಂದೆ ಬಿದ್ದ ಮಳೆನೀರು ಪಡುವಣ ಕಡಲಿಗೆ ಓಡುತ್ತದೆ. ಮಳೆಗಾಲದಲ್ಲಿ ಆ ಘಟ್ಟದಲ್ಲಿ ಮಂಜು ಮುಸುಕಿ ದಾರಿ ಕಾಣುವುದಿಲ್ಲ, ದರಡಿ ಕುಸಿಯುವುದೂ ಉಂಟು. ಆದ್ದರಿಂದ ನವೆಂಬರದಿಂದ ಫೆಬ್ರುವರಿಯ ಒಳಗೆ ಹೋಗುವುದು ಒಳ್ಳೆಯದು.

ಸಾವಂತವಾಡಿ, ಬಾಂದಾ ದಾಟಿದ ಮೇಲೆ ಪತ್ರಾದೇವಿ ಎಂಬ ಠಿಕಾಣಿ ಬರುತ್ತದೆ. ಇಂದು ಅದು ಎರಡು ರಾಜ್ಯಗಳ ಗಡಿ. 1961ರ ವರೆಗೆ ಎರಡು ದೇಶಗಳ ಗಡಿಯಾಗಿತ್ತು. ನಮ್ಮ ದೇಶ ಸ್ವತಂತ್ರವಾಗಿ ಎಂಟು ವರ್ಷವಾದರೂ ಗೋವೆ ಪೋರ್ತುಗೀಜರ ಕೈಯಲ್ಲೇ ಇತ್ತು. 1955ರ ಆಗಸ್ಟ್ 15ರಂದು ದೇಶದ ನಾನಾ ಕಡೆಯಿಂದ ಬಂದ ಸತ್ಯಾಗ್ರಹಿಗಳು ಬರಿಗೈಯಲ್ಲಿ ಗಡಿ ದಾಟಲು ಹೋದಾಗ ಗುಂಡು ಹಾರಿತು. ದೂರದ ಪಂಜಾಬದಿಂದ ಬಂದ ಕರ್ನೈಲ್ ಸಿಂಗ್ ಎಂಬ ತರುಣ ಶಿಕ್ಷಕ ಪ್ರಾಣ ಬಿಟ್ಟದ್ದು ಇದೇ ಪತ್ರಾದೇವಿಯಲ್ಲಿ. ಹುತಾತ್ಮರ ಸ್ಮಾರಕ ಅಲ್ಲಿದೆ. ಗಡಿಯವರಾದ ನಾವು ಐದು ನಿಮಿಷ ಗಾಡಿ ನಿಲ್ಲಿಸಿ ಕೈಮುಗಿದು ಮುಂದೆ ಹೋಗಬೇಕು.

ಗೋವೆಯೊಳಗೆ ಬಂದಿರಿ. ಅಲ್ಲಿನ ಸರಕಾರಿ ಬಸ್ಸಿನ ಮೈಮೇಲೆ ಬರೆದ ಹೆಸರನ್ನು ಓದಿ. ‘ಕದಂಬ’ ಎಂದಿರುತ್ತದೆ. ಆ ಸಾರಿಗೆ ನಿಗಮ ಹುಟ್ಟಿದ್ದು 1980ರಲ್ಲಿ. ಹೆಸರಿಗೆ ಸಾವಿರ ವರ್ಷದ ಇತಿಹಾಸವಿದೆ. ಪೋರ್ತುಗೀಜರಿಗಿಂತ ಬಹಳ ಮೊದಲು ಗೋವೆಯನ್ನು ಆಳಿದವರು ಗೋವೆಯ ಕದಂಬರು. ಖಾನಾಪುರ ತಾಲೂಕಿನ ಹಲಸಿ ಅವರ ಇನ್ನೊಂದು ರಾಜಧಾನಿ. ಅವರ ಶಾಸನಗಳಲ್ಲಿ ಸಂಸ್ಕೃತವಿದೆ, ಕನ್ನಡವೂ ಇದೆ. ಅವರ ಮನೆದೇವರು ಸಪ್ತಕೋಟೀಶ್ವರ. ಆ ದೇವರ ಹೆಸರನ್ನು ನೆನಪಿಟ್ಟುಕೊಳ್ಳಿ, ಮರಳಿ ಬರುವಾಗ ನಮಗೆ ಬೇಕಾಗುತ್ತದೆ.

ಮ್ಹಾಪಸೆ ದಾಟಿ ಪಣಜಿ. ಪಣಜಿಯಿಂದ ಮಾಂಡವಿ ನದಿಯ ದಂಡೆಗುಂಟ ಹತ್ತು ಕಿಲೋಮೀಟರು ಹೋದರೆ ಹಳೆ ಗೋವೆ. ಮಧ್ಯಾಹ್ನದ ಊಟ ಮುಗಿಸಿ ಶನಿವಾರವೇ ಇದನ್ನು ನೋಡಿ. ಭಾನುವಾರ ಬೆಳಿಗ್ಗೆ ಇಗರ್ಜಿಗಳಲ್ಲಿ ಪ್ರಾರ್ಥನೆ ನಡೆಯುತ್ತದೆ, ನೋಡುವವರು ಆಗ ಅಡ್ಡ ಬರಬಾರದು. ಬಟ್ಟೆ ಮೈತುಂಬ ಇರಲಿ, ಮಾತು ಮೆಲ್ಲಗೆ ಇರಲಿ. ನಮ್ಮ ಗುಡಿಗೆ ಬಂದ ಪರಊರಿನವರಿಂದ ನಾವು ಏನನ್ನು ಬಯಸುತ್ತೇವೆಯೋ ಅದನ್ನೇ ಅವರ ಗುಡಿಯಲ್ಲಿ ನಾವು ಪಾಲಿಸಿದರೆ ಸಾಕು.

ಇಲ್ಲಿ ಮೊದಲು ಇದ್ದದ್ದು ವಿಜಾಪುರದ ಆದಿಲಶಾಹಿಯ ಪಟ್ಟಣ. 1510ರಲ್ಲಿ ಆಲ್ಬುಕರ್ಕ್ ಎಂಬ ಪೋರ್ತುಗೀಜ ದಳಪತಿ ಇದನ್ನು ಹಿಡಿದ. ದಾಳಿಗೆ ಅವನನ್ನು ಒತ್ತಾಯಿಸಿದವನು ಯಾರು ಗೊತ್ತೇ? ಹೊನ್ನಾವರದ ಕಡೆಯ ತಿಮ್ಮೋಜ, ವಿಜಯನಗರದ ಪಕ್ಷದ ಸಮುದ್ರವೀರ. ಮೊದಲ ಸಲ ಗೆದ್ದ ಊರು ಕೆಲವೇ ತಿಂಗಳಲ್ಲಿ ಕೈಬಿಟ್ಟಿತು. ಅದೇ ವರ್ಷದ ನವೆಂಬರ್ 25ರಂದು ಮತ್ತೆ ಗೆದ್ದರು. ಆ ಮೇಲೆ 451 ವರ್ಷ ಅವರು ಕದಲಲಿಲ್ಲ.

ಆದಿಲಶಹಾನ ಅರಮನೆ ಈಗಿಲ್ಲ. ಅದರ ಬಾಗಿಲಿನ ಕರಿಕಲ್ಲಿನ ಚೌಕಟ್ಟು ಮಾತ್ರ ಒಂಟಿಯಾಗಿ ನಿಂತಿದೆ. ಹತ್ತಿರದಲ್ಲೇ ಇನ್ನೊಂದು ಕಮಾನು. ವಾಸ್ಕೊ ಡ ಗಾಮನ ಮರಿಮಗ ಇಲ್ಲಿ ವೈಸರಾಯ್ ಆಗಿದ್ದಾಗ ಮುತ್ತಜ್ಜನ ನೆನಪಿಗೆ ಕಟ್ಟಿಸಿದ್ದು. ಹೊಸ ವೈಸರಾಯ್ ಹಡಗಿನಿಂದ ಇಳಿದು ಈ ಕಮಾನಿನ ಕೆಳಗೆ ಹಾಯ್ದು ಊರೊಳಗೆ ಬರುತ್ತಿದ್ದ. ಆಗಿನ ಕಾಲಕ್ಕೆ ಗೋವೆ ಎಷ್ಟು ದೊಡ್ಡ ಪಟ್ಟಣವೆಂದರೆ, ಗೋವೆ ನೋಡಿದವರಿಗೆ ಲಿಸ್ಬನ್ ನೋಡುವ ಅಗತ್ಯವಿಲ್ಲ ಎಂಬ ಗಾದೆಯೇ ಹುಟ್ಟಿತ್ತು.

ಮುಖ್ಯವಾಗಿ ನೋಡುವ ಇಗರ್ಜಿಗಳು ಎರಡು, ದಾರಿಯ ಆಚೆ ಈಚೆ. ಒಂದು ಬಾಂ ಜೆಸುಸ್ ಬೆಸಿಲಿಕಾ. 1594ರಲ್ಲಿ ಕಟ್ಟಲು ಶುರುಮಾಡಿ 1605ರಲ್ಲಿ ಮುಗಿಸಿದರು. ಅದರ ಗೋಡೆಯ ಕೆಂಪು ಕಲ್ಲನ್ನು ಕಂಡೊಡನೆ ನೀವು ಗುರುತಿಸುತ್ತೀರಿ. ಅದು ನಮ್ಮ ಆಜರಾ ಕಡೆಯ ಮನೆಗಳ ಜಾಂಭಾ ಕಲ್ಲೇ. ಮುಂಭಾಗದ ಕರಿಕಲ್ಲು ಮುಂಬಯಿ ಬಳಿಯ ವಸಯಿಯಿಂದ ಬಂದದ್ದು. ಒಳಗೆ 1552ರಲ್ಲಿ ತೀರಿಕೊಂಡ ಸಂತ ಫ್ರಾನ್ಸಿಸ್ ಝೇವಿಯರರ ದೇಹ ಬೆಳ್ಳಿಯ ಪೆಟ್ಟಿಗೆಯಲ್ಲಿದೆ. ಬೆಳ್ಳಿಯ ಕೆಲಸ ಗೋವೆಯ ಅಕ್ಕಸಾಲಿಗರದು. ಕೆಳಗಿನ ಅಮೃತಶಿಲೆಯ ಪೀಠ ಇಟಲಿಯ ಶಿಲ್ಪಿಯದು. ಪ್ರತಿ ವರ್ಷ ಡಿಸೆಂಬರ್ 3ರಂದು ಇಲ್ಲಿ ಹಬ್ಬ. ಹತ್ತು ವರ್ಷಕ್ಕೊಮ್ಮೆ ಪೆಟ್ಟಿಗೆಯನ್ನು ಕೆಳಗಿಳಿಸಿ ದರ್ಶನಕ್ಕೆ ಇಡುತ್ತಾರೆ. 2024ರ ನವೆಂಬರದಿಂದ 2025ರ ಜನವರಿಯವರೆಗೆ ಹಾಗೆ ಇಟ್ಟಿದ್ದರು. ಕ್ರಿಸ್ತರೇ ಅಲ್ಲ, ಎಲ್ಲ ಧರ್ಮದ ಜನ ಸಾಲಿನಲ್ಲಿ ನಿಲ್ಲುತ್ತಾರೆ.

ಎದುರಿಗಿರುವುದು ಸೇ ಕೆಥೆಡ್ರಲ್. 1562ರಲ್ಲಿ ಆರಂಭವಾಗಿ 1619ರ ಹೊತ್ತಿಗೆ ಕಟ್ಟಡ ಮುಗಿಯಿತು. ಎರಡು ಗೋಪುರ ಇದ್ದವು. 1776ರಲ್ಲಿ ಒಂದು ಬಿತ್ತು. ಬಿದ್ದದ್ದನ್ನು ಮತ್ತೆ ಕಟ್ಟಲಿಲ್ಲ. ಇಂದಿಗೂ ಆ ದೊಡ್ಡ ಕಟ್ಟಡ ಒಂದೇ ಭುಜದ ಮನುಷ್ಯನಂತೆ ನಿಂತಿದೆ. ಅಲ್ಲಿಂದ ಸ್ವಲ್ಪ ಏರು ಹತ್ತಿದರೆ ಸಂತ ಅಗಸ್ಟಿನರ ಇಗರ್ಜಿಯ ಹಾಳು ಗೋಪುರ. ಎತ್ತರ 46 ಮೀಟರು, ಸಗಟು ಜಾಂಭಾ ಕಲ್ಲು. ಅದೂ 1931ರಲ್ಲಿ ಅರ್ಧ ಕುಸಿಯಿತು. ಅದರ ಗಂಟೆ ಮಾತ್ರ ಮೊದಲೇ ಪಣಜಿಗೆ ಹೋಗಿ ಅಲ್ಲಿನ ಇಗರ್ಜಿಯಲ್ಲಿ ಬಾರಿಸುತ್ತಿದೆ.

ಇಷ್ಟು ದೊಡ್ಡ ಪಟ್ಟಣ ಏಕೆ ಹಾಳಾಯಿತು? ಒಂದು ಕಾರಣ ಜ್ವರ, ವಾಂತಿಭೇದಿ. ಜನ ತುಂಬಿದ ಊರಿನಲ್ಲಿ ನೀರು ಕೆಟ್ಟಿತು, ಬೇನೆಗಳು ಮತ್ತೆ ಮತ್ತೆ ಬಂದವು. ಇನ್ನೊಂದು ಕಾರಣ ವ್ಯಾಪಾರ. ಡಚ್ಚರು ಸಮುದ್ರಕ್ಕೆ ಇಳಿದ ಮೇಲೆ ಪೋರ್ತುಗೀಜರ ವ್ಯಾಪಾರ ಇಳಿಯಿತು. ಧನಿಕರು ಒಬ್ಬೊಬ್ಬರಾಗಿ ಪಣಜಿಯತ್ತ ಸರಿದರು. 1843ರಲ್ಲಿ ರಾಜಧಾನಿಯೂ ಅಧಿಕೃತವಾಗಿ ಅಲ್ಲಿಗೇ ಹೋಯಿತು. ಹಳೆಯ ಮನೆಗಳ ಕಲ್ಲು ಕಿತ್ತು ಹೊಸ ಊರಿಗೆ ಒಯ್ದರು. ಇಗರ್ಜಿಗಳು ಉಳಿದವು, ಊರು ಉಳಿಯಲಿಲ್ಲ. 1986ರಲ್ಲಿ ಯುನೆಸ್ಕೊ ಇವನ್ನು ಜಾಗತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕೆಥೆಡ್ರಲಿನ ಮಗ್ಗುಲಲ್ಲೇ ಸಂತ ಫ್ರಾನ್ಸಿಸ್ ಅಸ್ಸಿಸಿಯ ಇಗರ್ಜಿ ಇದೆ. ಒಳಗೆ ಹೋಗಿ ನೆಲ ನೋಡಿ. ನೆಲದ ತುಂಬ ಗೋರಿಯ ಹಾಸುಗಲ್ಲು. ದೊಡ್ಡ ಮನೆತನದವರ ಹೆಸರು, ಲಾಂಛನ, ಪೋರ್ತುಗೀಜ ಬರಹ. ಗೋವೆಯವರೇ ಸುತ್ತ ನಿಂತಿದ್ದರೂ ಅದನ್ನು ಓದಿ ಹೇಳುವವರು ಸುಲಭವಾಗಿ ಸಿಗುವುದಿಲ್ಲ. ಹೊರಗೆ ಬಂದು ಎಳನೀರು ಮಾರುವವಳ ಹತ್ತಿರ ನಿಲ್ಲಿ. ಆಕೆ ಮಗ್ಗುಲಿನವಳೊಡನೆ ಆಡುವ ಮಾತು ಕೊಂಕಣಿ.

ಇದರಲ್ಲಿ ಏನು ದೊಡ್ಡದು ಎನ್ನುವಿರಾ? ಕೇಳಿ. 1684ರಲ್ಲಿ ಗೋವೆಯ ವೈಸರಾಯ್ ಒಂದು ಆಜ್ಞೆ ಹೊರಡಿಸಿದ. ಜನರು ತಮ್ಮ ನಾಡಮಾತನ್ನು ಬಿಡಬೇಕು, ಪೋರ್ತುಗೀಜವನ್ನೇ ಆಡಬೇಕು, ಕಲಿಯಲು ಮೂರು ವರ್ಷದ ಗಡುವು. ಅದು ಬರಿಯ ಬಾಯಿಮಾತಿನ ಆಜ್ಞೆಯೂ ಅಲ್ಲ. 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಇದೇ ಊರಿನಲ್ಲಿ ಇನ್‌ಕ್ವಿಝಿಶನ್ ಎಂಬ ಧರ್ಮನ್ಯಾಯಾಲಯ ಇತ್ತು. ಜನರ ನಂಬಿಕೆ, ನಡೆ, ಉಡಿಗೆ ಎಲ್ಲದರ ಮೇಲೂ ಅದರ ಕಣ್ಣಿತ್ತು. ಅಂಥ ಅಂಜಿಕೆಯ ನಡುವೆ ಹುಟ್ಟಿದ ಆಜ್ಞೆ ಅದು. ಮೂರು ವರ್ಷವಲ್ಲ, ಮುನ್ನೂರು ವರ್ಷವಾಯಿತು. ವೈಸರಾಯನ ಮಾತು ನೆಲದ ಕಲ್ಲಿನಲ್ಲಿ ಮಲಗಿದೆ. ಎಳನೀರು ಮಾರುವವಳ ಮಾತು ಬದುಕಿದೆ. 1987ರಲ್ಲಿ ಕೊಂಕಣಿ ಗೋವೆಯ ರಾಜಭಾಷೆಯಾಯಿತು, ಸರಕಾರಿ ಕೆಲಸಕ್ಕೆ ಮರಾಠಿಯನ್ನೂ ಬಳಸಲು ಅದೇ ಕಾಯದೆ ಅವಕಾಶ ಕೊಟ್ಟಿತು. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೂ ಸೇರಿತು. ಗೋವೆ ಬಿಟ್ಟು ಮಂಗಳೂರು ಸೀಮೆಗೆ ಹೋಗಿ ನೆಲೆಸಿದವರು ಅದನ್ನು ನಮ್ಮ ಕನ್ನಡ ಲಿಪಿಯಲ್ಲೇ ಬರೆದು ಉಳಿಸಿಕೊಂಡರು.

ಹೇಗೆ ಉಳಿಯಿತು? ಸೈನ್ಯ ಉಳಿಸಲಿಲ್ಲ. ಒಲೆಯ ಮುಂದೆ ಕೂತ ಹೆಂಗಸರು ಉಳಿಸಿದರು. ತೊಟ್ಟಿಲು ತೂಗುವಾಗ, ಬೀಸುವಾಗ, ಬಯ್ಯುವಾಗ, ಅಳುವಾಗ ಅವರು ತಮ್ಮ ಮಾತನ್ನೇ ಆಡಿದರು. ಆಜ್ಞೆ ಅಂಗಳದವರೆಗೆ ಬಂತು, ಅಡಿಗೆಮನೆಗೆ ಬರಲಾಗಲಿಲ್ಲ.

ಇನ್ನೊಂದು ಸಂಗತಿಯನ್ನೂ ತಕ್ಕಡಿಯ ಈ ಕಡೆ ಇಡಬೇಕು. ಬಂದ ಪರದೇಶಿಗಳೆಲ್ಲ ನಾಡಮಾತಿಗೆ ಹಗೆಗಳಾಗಿರಲಿಲ್ಲ. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ 1579ರಲ್ಲಿ ಗೋವೆಗೆ ಬಂದ. ಇಲ್ಲಿನ ಮಾತು ಕಲಿತ. ಮರಾಠಿಯಲ್ಲಿ, ಜ್ಞಾನೇಶ್ವರರ ಓವಿಯ ಧಾಟಿಯಲ್ಲೇ, ‘ಕ್ರಿಸ್ತಪುರಾಣ’ ಎಂಬ ದೊಡ್ಡ ಗ್ರಂಥ ಬರೆದ. ಅದು 1616ರಲ್ಲಿ ಅಚ್ಚಾಯಿತು. ಕೊಂಕಣಿಯ ವ್ಯಾಕರಣವನ್ನೂ ಬರೆದ. ಭಾರತದ ಮೊದಲ ಅಚ್ಚಿನ ಯಂತ್ರ ಬಂದಿಳಿದದ್ದೂ ಈ ಹಳೆ ಗೋವೆಯಲ್ಲೇ, 1556ರಲ್ಲಿ. ಒಂದೇ ಊರು, ಮಾತನ್ನು ಕಲಿತವನನ್ನೂ ಕಂಡಿತು, ಮಾತನ್ನು ನಿಷೇಧಿಸಿದವನನ್ನೂ ಕಂಡಿತು. ನಮ್ಮ ಜನ ಇಂದು ಯಾರನ್ನು ನೆನೆಯುತ್ತಾರೆ ಎಂಬುದನ್ನು ನೀವೇ ಯೋಚಿಸಿ.

ರಾತ್ರಿ ಪಣಜಿಯಲ್ಲಿ ಮುಕ್ಕಾಮು ಮಾಡಿ. ಬಸ್ ನಿಲ್ದಾಣದ ಸುತ್ತ ಸಾಧಾರಣ ವಸತಿಗೃಹಗಳಿವೆ. ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲು ಫೊಂತೈನ್ಯಾಸ್ ಎಂಬ ಓಣಿಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗಿ. ಪೋರ್ತುಗಾಲದ ಯಾವುದೋ ಊರಿನ ಮೂಲೆಯನ್ನು ಎತ್ತಿ ತಂದು ಇಟ್ಟಂತೆ ಇದೆ. ಹಳದಿ, ನೀಲಿ, ಕೆಂಪು ಗೋಡೆ, ಕೆಂಪು ಹಂಚು, ಮರದ ಗ್ಯಾಲರಿ. ಅವು ಜನ ವಾಸ ಮಾಡುವ ಮನೆಗಳು. ಬಾಗಿಲಿಗೆ ನಿಂತು ಒಳಗೆ ಇಣುಕಬೇಡಿ. ಪೇಟೆಯಲ್ಲಿ ತರಕಾರಿ ಕೊಳ್ಳುವಾಗ, ಚಹಾ ಕುಡಿಯುವಾಗ ಕಿವಿ ತೆರೆದಿಡಿ. ವಿಜಾಪುರ, ಬಾಗಲಕೋಟೆ, ಗದಗದ ಕಡೆಯಿಂದ ದುಡಿಯಲು ಬಂದವರ ಕನ್ನಡ ಅಲ್ಲಲ್ಲಿ ಕೇಳಿಬರುತ್ತದೆ. ಒಂದು ಮಾತು ಆಡಿಸಿ. ಅವರಿಗೆ ಎಷ್ಟು ಹಿಗ್ಗು ಆಗುತ್ತದೆ ನೋಡಿ.

ಮರಳುವಾಗ ಸ್ವಂತ ಗಾಡಿ ಇದ್ದವರು ಬೇರೆ ದಾರಿ ಹಿಡಿಯಿರಿ. ಹಳೆ ಗೋವೆಯ ಆ ವೈಸರಾಯರ ಕಮಾನಿನ ಕೆಳಗೆ ಹೋದರೆ ನದಿಯ ಧಕ್ಕೆ. ಅಲ್ಲಿಂದ ಫೆರಿಯಲ್ಲಿ ದಿವಾಡಿ ನಡುಗಡ್ಡೆಗೆ ದಾಟಿ. ನಾನು ನೆನಪಿಡಿ ಎಂದೆನಲ್ಲ, ಕದಂಬರ ಸಪ್ತಕೋಟೀಶ್ವರ, ಆತನ ಮೂಲ ಗುಡಿ ಇದ್ದದ್ದು ಈ ನಡುಗಡ್ಡೆಯ ಮೇಲೆ. ಪೋರ್ತುಗೀಜರು ಅದನ್ನು ಕೆಡವಿದರು. ಭಕ್ತರು ಲಿಂಗವನ್ನು ಹೊಳೆ ದಾಟಿಸಿ ಆಚೆ ದಂಡೆಯ ನಾರ್ವೆಯಲ್ಲಿ ಇಟ್ಟರು. ನೀವೂ ಇನ್ನೊಂದು ಫೆರಿಯಲ್ಲಿ ಅದೇ ಹೊಳೆ ದಾಟಿ ನಾರ್ವೆಗೆ ಹೋಗಿ. ಅಲ್ಲಿನ ಗುಡಿಯನ್ನು 1668ರಲ್ಲಿ ಜೀರ್ಣೋದ್ಧಾರ ಮಾಡಿಸಿದವರು ಛತ್ರಪತಿ ಶಿವಾಜಿ ಮಹಾರಾಜರು. ಕನ್ನಡ ಶಾಸನ ಬರೆಸಿದ ಅರಸರ ಮನೆದೇವರಿಗೆ ಮರಾಠಿ ಅರಸರು ಮಾಡು ಕಟ್ಟಿಸಿದರು. ನಮ್ಮಂಥ ಎರಡು ಮಾತಿನ ಊರವರಿಗೆ ಇದಕ್ಕಿಂತ ಹತ್ತಿರದ ಗುಡಿ ಇನ್ನೊಂದಿಲ್ಲ. ಅಲ್ಲಿಂದ ಡಿಚೋಲಿ, ದೋಡಾಮಾರ್ಗ, ಬಾಂದಾ ಮಾರ್ಗವಾಗಿ ಮತ್ತೆ ಆಂಬೋಲಿ ಹತ್ತಬಹುದು.

ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕುಳಿತಿರಿ ಎನ್ನೋಣ. ಎಲೆಯ ಮೇಲೆ ಆಜರಾದ ಘನಸಾಳ ಅನ್ನ. ಅದು ನಮ್ಮ ನೆಲದ್ದೇ. ಸಾರಿನಲ್ಲಿ ಸಂಕೇಶ್ವರಿ ಮೆಣಸಿನಕಾಯಿ. ಅದು ಅಮೇರಿಕಾ ಖಂಡದಿಂದ ಪೋರ್ತುಗೀಜರ ಹಡಗಿನಲ್ಲಿ ಬಂದದ್ದು. ಅದಕ್ಕೂ ಮೊದಲು ಖಾರಕ್ಕೆ ನಮಗೆ ಗೊತ್ತಿದ್ದದ್ದು ಕರಿಮೆಣಸು. ಹೊಸ ಕಾಯಿ ಬಂದಾಗ ಕನ್ನಡದವರು ಹಳೆಯ ‘ಮೆಣಸಿಗೆ’ ಕಾಯಿ ಸೇರಿಸಿ ‘ಮೆಣಸಿನಕಾಯಿ’ ಎಂದರು. ಮರಾಠಿಯವರು ಹಳೆಯ ‘ಮಿರಿ’ಯ ಮೇಲಿಂದ ‘ಮಿರಚಿ’ ಎಂದರು. ಎರಡೂ ಮನೆಯವರು ಒಂದೇ ಉಪಾಯ ಮಾಡಿದರು. ನಮ್ಮ ಗುಡ್ಡದ ಕಾಜೂ ಅದೇ ಹಡಗಿನದು. ಬ್ರಾಝಿಲಿನ ಗಿಡ ಇಂದು ಆಜರಾ, ಚಂದಗಡದ ಎಷ್ಟೋ ಮನೆಗಳ ಒಲೆ ಉರಿಸುತ್ತದೆ.

ಇದರಿಂದ ಒಂದು ಮಾತು ತಿಳಿಯುತ್ತದೆ. ಹೊರಗಿನ ಮಾತು ಒಳಗೆ ಬಂದರೆ ನಮ್ಮ ಮಾತು ಕೆಡುವುದಿಲ್ಲ. ಚಾವಿ ಬಂತು, ಪಗಾರ ಬಂತು, ಕನ್ನಡ ಕನ್ನಡವಾಗಿಯೇ ಇದೆ. ಮಗು ಶಾಲೆಯಲ್ಲಿ ಮರಾಠಿ ಚೆನ್ನಾಗಿ ಕಲಿಯಲಿ, ಇಂಗ್ಲಿಷೂ ಕಲಿಯಲಿ. ಅದರಿಂದ ನಷ್ಟವಿಲ್ಲ, ಲಾಭವೇ ಇದೆ. ಆದರೆ ಅಂಗಳದ ಮಾತೇ ಅಡಿಗೆಮನೆಗೂ ಬಂದು, ಅಜ್ಜಿ ಕನ್ನಡದಲ್ಲಿ ಕರೆದರೆ ಮೊಮ್ಮಗು ತಿರುಗಿಯೂ ನೋಡದ ದಿನ ಬಂದರೆ, ಆ ನಷ್ಟಕ್ಕೆ ಯಾವ ವೈಸರಾಯನನ್ನೂ ದೂರುವಂತಿಲ್ಲ. ಯಾರ ಆಜ್ಞೆಯೂ ಇಲ್ಲದೆ ನಾವೇ ಬಿಟ್ಟುಕೊಟ್ಟ ಹಾಗಾಗುತ್ತದೆ. ಗೋವೆಯ ಹೆಂಗಸರು ಅಂಜಿಕೆಯ ನಡುವೆ ಉಳಿಸಿಕೊಂಡದ್ದನ್ನು ನಾವು ನೆಮ್ಮದಿಯ ನಡುವೆ ಕಳೆದುಕೊಳ್ಳಬಾರದು.

ಆದ್ದರಿಂದ, ಬಂಧುಗಳೇ, ಈ ಚಳಿಗಾಲದಲ್ಲಿ ಸುಗ್ಗಿಯ ಕೆಲಸ ಒಂದಿಷ್ಟು ಹಗುರಾದ ಮೇಲೆ ಒಂದು ಶನಿವಾರ ಹೊರಡಿ. ಮೊಮ್ಮಗುವನ್ನು ಕಿಟಕಿಯ ಬದಿಗೆ ಕೂಡಿಸಿ. ದಾರಿಯುದ್ದಕ್ಕೂ ಕಂಡದ್ದಕ್ಕೆಲ್ಲ ಕನ್ನಡದಲ್ಲಿ ಏನೆನ್ನುತ್ತಾರೆ, ಮರಾಠಿಯಲ್ಲಿ ಏನೆನ್ನುತ್ತಾರೆ ಎಂದು ಹೇಳುತ್ತ ಹೋಗಿ. ಹೊಳೆ, ನದಿ, ಗುಡ್ಡ, ಡೊಂಗರ, ಗುಡಿ, ದೇವೂಳ. ಹಳೆ ಗೋವೆ ಬರುವಷ್ಟರಲ್ಲಿ ಆ ಮಗುವಿನ ಚೀಲ ತುಂಬಿರುತ್ತದೆ.

ಹೊರಡುವಾಗ ಮನೆಗೆ ಬೀಗ ಹಾಕಿ, ಚಾವಿಯನ್ನು ನೆರೆಮನೆಯವರಿಗೆ ಕೊಟ್ಟು ಹೋಗುವುದನ್ನು ಮರೆಯಬೇಡಿ.